ಬೀಗ ಯಾರು, ಯಾರಿಗೆ?

ಅಜ್ಞಾತವಾಸ ಮುಗಿದ ಮೇಲೆ ವಿರಾಟರಾಜ ಮಗಳು ಉತ್ತರೆಯನ್ನು ಅರ್ಜುನನಿಗೆ ಕೊಡಲು ಮುಂದಾದ. ನಾಟ್ಯ ಕಲಿಸಿದ ಹುಡುಗಿಯನ್ನು ತಾನೇ ವರಿಸಲು ಅರ್ಜುನ ಒಪ್ಪಲಿಲ್ಲ, ಮಗ ಅಭಿಮನ್ಯುವಿಗೆ ತಂದುಕೊಂಡ. ಅಳಿಯನಾಗಬೇಕಿದ್ದವನು ವಿರಾಟನಿಗೆ ಬೀಗನಾದ. ಮಾವ–ಅಳಿಯರಲ್ಲಿ ಒಬ್ಬ ದೊಡ್ಡವ, ಒಬ್ಬ ಚಿಕ್ಕವ. ಬೀಗರದು ಸಮಜೋಡಿ.

ಗಂಡಿನ ಅಪ್ಪ ಹೆಣ್ಣಿನ ಅಪ್ಪನಿಗೆ ಬೀಗ, ಅವನಿಗೆ ಇವನೂ ಬೀಗ. ಅಮ್ಮಂದಿರು ಬೀಗಿತ್ತಿಯರು, ಧಾರವಾಡದ ಕಡೆ ಬೀಗತಿಯರು. ಮದುವೆ ಮಕ್ಕಳದಾದರೂ ಈ ನಂಟು ಹೆತ್ತವರದು. ಹೊಸ ಮದುಮಗ ಹೆಂಡತಿಯ ತಂದೆಯನ್ನು ‘ನಮ್ಮ ಬೀಗರು’ ಎಂದರೆ ಮನೆಯ ಅಜ್ಜಿ ನಗುತ್ತಾಳೆ. ಅವನಿಗೆ ಅವರು ಮಾವ; ಬೀಗರು ಅವನ ಅಪ್ಪನಿಗೆ. ಉತ್ತರ ಕರ್ನಾಟಕದಲ್ಲಿ ಮಾತ್ರ ಪದದ ಅಂಗಳ ದೊಡ್ಡದು: ಹೆಣ್ಣು ಕೊಟ್ಟು ತಂದ ಮನೆಯವರೆಲ್ಲ ಬೀಗರೇ, ಸಂಬಂಧ ಬೆಳೆಸುವುದೇ ‘ಬೀಗಸ್ತನ’.

ನೆರೆಯವರೂ ಈ ನಂಟಿಗೆ ಹೆಸರಿಟ್ಟಿದ್ದಾರೆ. ತೆಲುಗರಲ್ಲಿ ವಿಯ್ಯಂಕುಡು, ತಮಿಳರಲ್ಲಿ ಸಂಬಂಧಿ, ಮರಾಠಿಗರಲ್ಲಿ ವ್ಯಾಹಿ, ಹಿಂದಿಯಲ್ಲಿ ಸಮಧಿ.

ಪದ ಸಮ ಎಂದಮಾತ್ರಕ್ಕೆ ನಡಾವಳಿಯೂ ಸಮವಲ್ಲ. ಛತ್ರದ ಬಾಗಿಲಲ್ಲಿ ಎದುರುಗೊಳ್ಳುವವರು ಹೆಣ್ಣಿನವರು, ಕಾಫಿ ತಡವಾದರೆ ಮುಖ ಊದಿಸುವವರು ಗಂಡಿನವರು. ಈ ವಾಲಾಟಕ್ಕೆ ಹೆಂಗಸರು ಹಿಂದೆಯೇ ಮದ್ದು ಕಂಡುಕೊಂಡಿದ್ದರು: ಬೀಗರನ್ನು ಹಳಿಯುವ ಹಾಡು. ಬೀಗಿತ್ತಿಯ ನಡಿಗೆ, ಉಡಿಗೆ, ಹಸಿವು, ಜಿಪುಣತನ ಎಲ್ಲವೂ ಅಲ್ಲಿ ಲೇವಡಿಯ ಸರಕು. ಎದುರಿಗೇ ಹಾಡಿದರೂ ಕೋಪಿಸಿಕೊಳ್ಳುವಂತಿಲ್ಲ, ಬೇಕಿದ್ದರೆ ತಿರುಗಿ ಹಾಡಬಹುದು.

ಹಳೇ ಮೈಸೂರಿನ ಕಡೆ ಬಾಡು ತಿನ್ನುವ ಮನೆಗಳಲ್ಲೂ ಧಾರೆಯ ದಿನದ ಊಟ ಸಾಮಾನ್ಯವಾಗಿ ಸಪ್ಪೆಯದೇ. ಮಾಂಸಕ್ಕೆ ಬೇರೆ ದಿನವಿದೆ, ಅದೇ ಬೀಗರೂಟ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕಾಲು ಸೂಪು. ಮಂಡ್ಯ, ಹಾಸನ, ರಾಮನಗರದ ಕಡೆ ಮದುವೆಗೆ ಬಾರದವರೂ ಇದಕ್ಕೆ ತಪ್ಪಿಸಿಕೊಳ್ಳುವುದಿಲ್ಲ.

ಸೋದರಮಾವನಿಗೆ ಹೆಣ್ಣು ಕೊಡುವ ಮನೆಗಳಲ್ಲಿ ಲೆಕ್ಕ ತಮಾಷೆಯಾಗುತ್ತದೆ. ಅಕ್ಕ ತನ್ನ ಮಗಳನ್ನು ತಮ್ಮನಿಗೆ ಕೊಟ್ಟರೆ, ಅಕ್ಕನ ಹೆತ್ತ ತಾಯಿಯೇ ಅವಳಿಗೆ ಬೀಗಿತ್ತಿ! ಅಲ್ಲಿ ಆ ಪದಕ್ಕೆ ಕೆಲಸವೇ ಇಲ್ಲ, ಅವ್ವ ಅವ್ವನೇ. ಇಂಥ ಮದುವೆ ಅಪರೂಪವೇನಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 27ರಷ್ಟು ಮದುವೆಗಳು ರಕ್ತಸಂಬಂಧದೊಳಗೇ ನಡೆದಿದ್ದವು. ಸೋದರಿಕೆಯ ಸಂಬಂಧಗಳು ಕಡಿಮೆಯಾಗಿ, ಗುರುತಿಲ್ಲದ ಮನೆಗಳು ಜಾಲತಾಣದ ಮೂಲಕ ನಂಟರಾದಷ್ಟೂ ‘ಬೀಗ’ ಎಂಬ ಪದಕ್ಕೆ ಕೆಲಸ ಹೆಚ್ಚಬೇಕು.

ಬೀಗರೇ ಇಲ್ಲದ ಮದುವೆಯೂ ಉಂಟು. ಹರಿಹರ ‘ಗಿರಿಜಾಕಲ್ಯಾಣ’ದಲ್ಲಿ ಹಾಡಿದ ಮದುವೆಯ ವರ ಶಿವ, ಅವನಿಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಪರ್ವತರಾಜ ಭೂತಗಣಗಳನ್ನು ಸಂಭಾಳಿಸಬೇಕಾಯಿತೇ ಹೊರತು ಬೀಗರ ಮುನಿಸನ್ನಲ್ಲ.

ನಗರಗಳಲ್ಲಿ ಈಗ ಎರಡೂ ಕಡೆಯ ಹಿರಿಯರು ಒಬ್ಬರನ್ನೊಬ್ಬರು ‘ಸರ್’, ‘ಮೇಡಂ’ ಎನ್ನುತ್ತಾರೆ. ಬ್ಯಾಂಕಿನ ಕೌಂಟರಿಗೆ ಸಲ್ಲುವ ಮಾತು ಮಗಳ ಅತ್ತೆ ಮನೆಯಲ್ಲೇಕೆ? ‘ಬೀಗರೇ’ ಎಂದು ಕರೆಯಲಿ, ಮೊದಲು ಗಂಡಿನ ಕಡೆಯವರೇ ಕರೆಯಲಿ.