ಮುಖ ತೋರದ ನಾಯಕ

1938ರಲ್ಲಿ ಸೂಪರ್‌ಮ್ಯಾನನು ಅವತರಿಸಿದ ತರುವಾಯ ಅಮೆರಿಕಾ ದೇಶದ ಚಿತ್ರಕಥಾ ಪುಸ್ತಕಗಳಲ್ಲಿ ವೀರರ ಸುಗ್ಗಿಯೇ ಆಯಿತು. ಅವರಲ್ಲಿ ಬಹುಮಂದಿ ಬಂದ ಹಾಗೆಯೇ ಹೋದರು. 1944ರಲ್ಲಿ ‘ಬ್ಲೇಜಿಂಗ್ ಕಾಮಿಕ್ಸ್’ ಎಂಬ ಪತ್ರಿಕೆಯಲ್ಲಿ ತಲೆದೋರಿ, ಐದೇ ಸಂಚಿಕೆಗಳಲ್ಲಿ ಬಾಳಿ ಮರೆಯಾದ ‘ಗ್ರೀನ್ ಟರ್ಟಲ್’, ಎಂದರೆ ಹಸುರಾಮೆ, ಅಂಥವರ ಪೈಕಿ ಒಬ್ಬನು. ಆದರೂ ಕಲಾವಿಮರ್ಶೆಗೆ ಅವನು ಒಡ್ಡುವ ಸಮಸ್ಯೆ ಅಲ್ಪವಾದುದಲ್ಲ.

ಅವನನ್ನು ಸೃಷ್ಟಿಸಿದ ಚು ಹಿಂಗ್ ಅವರು ಚೀನೀ ವಂಶದ ಅಮೆರಿಕನ್ ಚಿತ್ರಕಾರರು. ಕಥೆ ನಡೆಯುವುದು ಜಪಾನೀ ಸೈನ್ಯ ನುಗ್ಗಿದ ಚೀನಾ ದೇಶದಲ್ಲಿ. ನಾಯಕನು ಹೋರಾಡುವುದು ಚೀನೀಯರ ಪಕ್ಷದಲ್ಲಿ. ಕಥಾವಸ್ತು ಸಾಧಾರಣವಾದುದೇ. ವೈರಿಗಳ ಮುಖಗಳನ್ನಂತೂ ಆ ಕಾಲದ ಯುದ್ಧದ್ವೇಷಕ್ಕೆ ತಕ್ಕಂತೆ ವಿಕಾರಗೊಳಿಸಿರುವುದು ಇಂದು ನೋಡುವವರಿಗೆ ಹೇಸಿಕೆ ತರುತ್ತದೆ. ಇದಕ್ಕೆ ಕಾಲಧರ್ಮವೆಂಬ ಕ್ಷಮೆ ಸಾಲದು.

ವಿಶೇಷವಿರುವುದು ನಾಯಕನ ಮುಖದಲ್ಲಿ, ಅಥವಾ ಮುಖವಿಲ್ಲದಿರುವುದರಲ್ಲಿ. ಹಸುರಾಮೆಯು ಬಹುತೇಕ ವಾಚಕರಿಗೆ ಬೆನ್ನು ಮಾಡಿಯೇ ನಿಂತಿರುತ್ತಾನೆ. ತಿರುಗಿದನೆಂದರೆ ಮೇಲೆತ್ತಿದ ತೋಳೋ ಬೀಸುವ ನಿಲುವಂಗಿಯೋ ಅಡ್ಡ ಬರುತ್ತದೆ. ಬರ್ಮಾ ಬಾಯ್ ಎಂಬ ಬಾಲಕ ಅನುಚರನು, ತಾವು ಹಸುರಾಮೆಯಾದುದು ಹೇಗೆಂದು ಕೇಳಿದಾಗಲೆಲ್ಲ ಯಾವುದೋ ವಿಘ್ನ ಒದಗಿ ಉತ್ತರ ನಿಂತುಹೋಗುತ್ತದೆ. ಆದರೆ ಅವನ ಹಿಂದೆ ಬೀಳುವ ಆಮೆಯಾಕಾರದ ಕರಿನೆರಳಿಗೆ ಮಾತ್ರ ಕಣ್ಣುಂಟು, ನಗೆಯುಂಟು! ದೇಹಕ್ಕಿಲ್ಲದ ಮುಖ ನೆರಳಿಗೆ ಒದಗಿದೆ.

ನಾಯಕನು ಚೀನೀಯನಾಗಿರಬೇಕೆಂದು ಹಿಂಗ್ ಅವರು ಬಯಸಿದರೆಂದೂ, ಪ್ರಕಾಶಕರು ಅದಕ್ಕೆ ಒಪ್ಪಲಿಲ್ಲವೆಂದೂ, ಅದಕ್ಕಾಗಿಯೇ ಅವರು ಮುಖವನ್ನು ಮರೆಸಿದರೆಂದೂ ಒಂದು ಪ್ರತೀತಿಯುಂಟು. ಅದು ಪ್ರತೀತಿಯೇ ಹೊರತು ಪ್ರಮಾಣವಲ್ಲ. ಆದರೆ ಚೀನೀ ಕೂಲಿಕಾರರ ಪ್ರವೇಶವನ್ನು 1882ರಲ್ಲಿ ನಿಷೇಧಿಸಿದ ಅಮೆರಿಕಾ ದೇಶವು ಆ ನಿಷೇಧವನ್ನು ತೆಗೆದುಹಾಕಿದುದು 1943ರಲ್ಲಿ, ಅದೂ ವರ್ಷಕ್ಕೆ 105 ಜನರ ಮಿತಿಯೊಡನೆ. ಅದರ ಮರುವರ್ಷವೇ ಹುಟ್ಟಿದ ವೀರನ ಮೈಗೆ ಸಹಜಕ್ಕೆ ಮೀರಿದ ಗುಲಾಬಿ ಬಣ್ಣ ಬಳಿದಿರುವುದನ್ನು ಕಂಡರೆ ಪ್ರತೀತಿಗೆ ಬಲ ಬಾರದಿರದು. ಹೇಳಲಾಗದುದನ್ನು ಹೇಳದೆಯೇ ಹೊಳೆಯಿಸುವುದು ಧ್ವನಿಯಾದರೆ, ಇಲ್ಲಿ ಅದು ಕವಿಯ ಇಚ್ಛೆಯಿಂದ ಬಂದುದಲ್ಲ, ನಿರ್ಬಂಧದಿಂದ ಬಂದುದು ಎನ್ನಬಹುದೇನೋ. ಫಲ ಮಾತ್ರ ಒಂದೇ: ಮುಚ್ಚಿದ ಮುಖವನ್ನೇ ಕಣ್ಣು ಹುಡುಕುತ್ತದೆ.

2014ರಲ್ಲಿ ಜೀನ್ ಲುಯೆನ್ ಯಾಂಗ್ ಅವರು ಬರೆದು ಸೋನಿ ಲ್ಯೂ ಅವರು ಚಿತ್ರಿಸಿದ ‘ದಿ ಷ್ಯಾಡೋ ಹೀರೋ’ ಎಂಬ ಗ್ರಂಥವು ಈ ನಾಯಕನಿಗೆ ಹೆಸರನ್ನೂ ಕುಲವನ್ನೂ ಕೊಟ್ಟಿತು. ದಿನಸಿ ಅಂಗಡಿಯವನ ಮಗ ಹ್ಯಾಂಕ್. ಅವನನ್ನು ವೀರನನ್ನಾಗಿ ಮಾಡಿಯೇ ತೀರುವೆನೆಂದು ಹಠ ಹಿಡಿದ ತಾಯಿ. ಈ ತಾಯಿಯ ಪಾತ್ರವೇ ಗ್ರಂಥದ ಪ್ರಾಣ; ಆಕೆ ಪುಟಕ್ಕೆ ಬಂದಾಗಲೆಲ್ಲ ಹಾಸ್ಯವೂ ಕರುಣೆಯೂ ಒಟ್ಟಿಗೆ ಬರುತ್ತವೆ. ಮೈ ನೆನೆದರೆ ಗುಲಾಬಿಯಾಗುವನೆಂಬ ಕಲ್ಪನೆಯಿಂದ ಹಳೆಯ ಬಣ್ಣದ ದೋಷವನ್ನೇ ವಿನೋದವಾಗಿಸಿರುವುದು ಜಾಣತನ. ಆದರೆ ನೆರಳಿನೊಳಗಿರುವುದು ಆಮೆಯ ಚೇತನವೆಂದು ವಿವರಿಸಿದೊಡನೆ ಹಿಂಗ್ ಅವರ ನೆರಳಿಗಿದ್ದ ದಿಗಿಲು ಕುಗ್ಗಿಹೋಗಿದೆ. ಅಲ್ಲಿ ಅದು ಮಾತನಾಡದೆ ನಗುತ್ತಿತ್ತು, ಇಲ್ಲಿ ಮಾತನಾಡುತ್ತದೆ.

ಯಾಂಗ್ ಅವರು ತಮ್ಮ ಗ್ರಂಥದ ಕಡೆಯಲ್ಲಿ ಹಿಂಗ್ ಅವರ ಮೊದಲ ಕಥೆಯನ್ನು ಮರುಮುದ್ರಿಸಿರುವುದು ಸ್ತುತ್ಯವಾದ ಕಾರ್ಯ. ಮುಂದಿನ ಪುಟಗಳಲ್ಲಿ ಹ್ಯಾಂಕನ ಮುಖವನ್ನು ಚೆನ್ನಾಗಿ ಕಂಡು ಬಂದ ವಾಚಕನು, ಅಲ್ಲಿ ಮತ್ತೆ ಆ ಬೆನ್ನನ್ನೇ ಕಾಣುತ್ತಾನೆ.