ಎರಡು ದೋಣಿಗಳ ಕರಪತ್ರ

ಬೆಳ್ತಂಗಡಿಯ ನನ್ನ ಸೋದರಳಿಯ ಕಳೆದ ದೀಪಾವಳಿಗೆ ಮೂಡುಬಿದಿರೆಯ ನಮ್ಮ ಮನೆಗೆ ಬಂದವನು ಎರಡು ಕರಪತ್ರಗಳನ್ನು ನನ್ನ ಮುಂದಿಟ್ಟ. ಮಾಲ್ದೀವ್ಸ್‌ನಲ್ಲಿ ಮೂರು ರಾತ್ರಿ ಸಣ್ಣ ದೋಣಿಯೊಂದರಲ್ಲೇ ಉಂಡು ಮಲಗಿ, ಹಗಲು ಬೆನ್ನಿಗೆ ಸಿಲಿಂಡರ್ ಕಟ್ಟಿ ಸ್ಕೂಬಾ ಮುಳುಗುವ ಯೋಜನೆ ಅವನದು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸಂಜೆಯೊಳಗೆ ಮರಳುವ ದೋಣಿಗಳಲ್ಲಿ ಈ ವಿದ್ಯೆ ಕಲಿತವನು. "ಮಾವ, ನೀವು ಪುಸ್ತಕ ವಿಮರ್ಶೆ ಮಾಡುವವರಲ್ಲವೇ, ಇವನ್ನೂ ಓದಿ ಹೇಳಿ" ಎಂದ. ನೇತ್ರಾವತಿಯ ದಡದ ಬಂಟ್ವಾಳದಲ್ಲಿ ಹುಟ್ಟಿಯೂ ಈಜು ಬಾರದ ನಾನು, ಓದಲಾದರೂ ಬರುತ್ತದಲ್ಲ ಎಂದು ಒಪ್ಪಿದೆ.

ಮೊದಲನೆಯದು ನುಣುಪು ಕಾಗದದ್ದು. ಸ್ವರ್ಗ ಎಂಬ ಮಾತು ಮೂರು ಸಲ, ಅರಮನೆ ಎರಡು ಸಲ. ಊಟದ ಪಟ್ಟಿಗೆ ಅರ್ಧ ಪುಟ. ಕೊನೆಯ ದಿನ ಬೆಳಿಗ್ಗೆಯೂ ಒಂದು ಮುಳುಗು, ಮಧ್ಯಾಹ್ನ ವಿಮಾನ. ಅಳಿಯನದೇ ತರಬೇತಿ ಪುಸ್ತಕ ತರಿಸಿ ನೋಡಿದೆ. ಆಳದ ಒತ್ತಡದಲ್ಲಿ ರಕ್ತದೊಳಗೆ ಕರಗಿದ ಸಾರಜನಕ, ಒತ್ತಡ ಥಟ್ಟನೆ ಇಳಿದರೆ ಗೋಲಿ ಸೋಡಾ ತೆರೆದಂತೆ ಗುಳ್ಳೆಯೇಳುತ್ತದಂತೆ. ಹಲವು ದಿನ ಮುಳುಗಿದವರು ವಿಮಾನ ಏರುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕು. ಲೇಖಕನಿಗೆ ತನ್ನ ವಸ್ತುವೇ ತಿಳಿಯದಿದ್ದರೆ ಶೈಲಿ ಎಷ್ಟಿದ್ದರೇನು?

ಎರಡನೆಯದರ ಭಾಷೆ ತೀರ ಒರಟು. ವಾಕ್ಯಗಳು ಅಲ್ಲಲ್ಲಿ ಮುರಿದಿವೆ. ಆದರೆ ಮಂಚಗಳೆಷ್ಟು, ತುರ್ತು ಆಮ್ಲಜನಕ ಎಲ್ಲಿದೆ, ಕೊನೆಯ ಮುಳುಗು ಎಂದು, ಎಲ್ಲವೂ ಇದೆ. ಕೋಣೆಗಳ ನಕ್ಷೆಯೂ ಇದೆ. ಒಂದು ಸಂಗತಿ ಮಾತ್ರ ಇದರಲ್ಲೂ ಇಲ್ಲ: ರಾತ್ರಿ ಎಚ್ಚರವಾಗಿರುವವರು ಯಾರು?

ಇದು ಕುಹಕದ ಪ್ರಶ್ನೆಯಲ್ಲ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯದ ಕರಾವಳಿಯಾಚೆ ಕನ್ಸೆಪ್ಷನ್ ಎಂಬ 75 ಅಡಿಯ ಇಂಥದೇ ದೋಣಿಗೆ ಬೆಂಕಿ ಬಿದ್ದು, ಕೆಳಗಿನ ಅಂಕಣದಲ್ಲಿ ಮಲಗಿದ್ದ 34 ಮಂದಿಯೂ ಸತ್ತರು. ಹೊರಬರಲು ಎರಡು ದಾರಿಗಳಿದ್ದವು. ಎರಡೂ ತೆರೆದುಕೊಳ್ಳುತ್ತಿದ್ದುದು ಉರಿಯುತ್ತಿದ್ದ ಅದೇ ಮೇಲಿನ ಕೋಣೆಗೆ. ರಾತ್ರಿ ಸುತ್ತುವ ಕಾವಲುಗಾರನಿರಲಿಲ್ಲ. ನಾಯಕನಿಗೆ 2024ರಲ್ಲಿ ನಾಲ್ಕು ವರ್ಷ ಸೆರೆಯಾಯಿತು. ಸತ್ತವರೂ ಯಾವುದೋ ಕರಪತ್ರ ಓದಿಯೇ ಹೋಗಿದ್ದಿರಬೇಕು.

ನಾನು ಹುಡುಗನಾಗಿದ್ದಾಗ ಬಂಟ್ವಾಳದ ಕಡೆಯ ಒಂದು ಕಡವಿನಲ್ಲಿ ಮುದಿ ಅಂಬಿಗನೊಬ್ಬನಿದ್ದ. ಹತ್ತು ಜನ ಕೂತರೆ ಮುಗಿಯಿತು, ಹನ್ನೊಂದನೆಯವರು ಕಾಯಬೇಕು. ಒಮ್ಮೆ ಮಳೆಯಲ್ಲಿ ನನ್ನ ಅಜ್ಜಿಯನ್ನೇ ದಡದಲ್ಲಿ ನಿಲ್ಲಿಸಿಬಿಟ್ಟ. ಅಜ್ಜಿ ವರ್ಷವಿಡೀ ಬೈದರು. ದಾಟುವಾಗ ಮಾತ್ರ ಅವನ ದೋಣಿಯನ್ನೇ ಕಾದರು. ಅವನು ತನ್ನ ದೋಣಿಯನ್ನು ಹೊಗಳಿದ್ದು ಯಾರಿಗೂ ಗೊತ್ತಿಲ್ಲ. ದೋಣಿಗೆ ಮಾಲ್ದೀವ್ಸ್‌ನವರೂ ದೋಣಿ ಎಂದೇ ಹೇಳುತ್ತಾರಂತೆ. ಹೆಸರು ಒಂದೇ ಆದ ಮೇಲೆ ಅಳತೆಗೋಲೂ ಒಂದೇ ಆಗಲಿ ಎಂದುಕೊಂಡೆ.

ಎರಡೂ ಕಡೆಗೆ ಮೂರು ಪ್ರಶ್ನೆ ಬರೆಸಿದೆ. ಮಲಗುವ ಕೋಣೆಯಿಂದ ಬೇರೆಬೇರೆ ಕಡೆಗೆ ತೆರೆಯುವ ಎರಡು ದಾರಿಗಳಿವೆಯೇ? ರಾತ್ರಿ ಕಾವಲು ಯಾರದು? ಬ್ಯಾಟರಿಗಳನ್ನು ಚಾರ್ಜಿಗೆ ಇಡುವುದೆಲ್ಲಿ? ಮೊದಲಿನವರು, ಬಂದ ಮೇಲೆ ಎಲ್ಲ ವಿವರಿಸುತ್ತೇವೆ ಎಂದು ಹೂವಿನ ಚಿತ್ರದೊಡನೆ ಬರೆದರು. ಎರಡನೆಯವರು ಅದೇ ಮುರುಕು ಭಾಷೆಯಲ್ಲಿ ಮೂರಕ್ಕೂ ಉತ್ತರಿಸಿ, ಸರದಿಯಲ್ಲಿ ಎಚ್ಚರವಿರುವ ಇಬ್ಬರ ಹೆಸರನ್ನೂ ಕೊಟ್ಟರು.

ಅಳಿಯ ಎರಡನೆಯದರಲ್ಲಿ ಹೋಗಿ ಬಂದ. ಊಟ ಸುಮಾರಾಗಿತ್ತಂತೆ. ರಾತ್ರಿ ಒಮ್ಮೆ ಎಚ್ಚರವಾದಾಗ ಮೇಲೆ ಯಾರೋ ನಡೆದಾಡುವ ಸದ್ದು ಕೇಳಿ ಮತ್ತೆ ನಿದ್ದೆ ಹೋದೆ ಎಂದ. ನಾನು ಬರೆದ ವಿಮರ್ಶೆಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.