ತಂಬೂರಿಗೊಂದು ಸಂಚಿ

ಕಛೇರಿಗೆ ಇನ್ನು ಹತ್ತೇ ನಿಮಿಷ. ಗವಸಣಿಗೆ ಬಿಚ್ಚಿ ತಂಬೂರಿಯನ್ನು ಹೊರಗೆ ತೆಗೆದಾಗಿದೆ, ಬಿರಡೆ ತಿರುವಿ ತಂತಿಗಳನ್ನು ಶ್ರುತಿಗೆ ತಂದಾಗಿದೆ. ಆದರೆ ನಾದ ಏಳುತ್ತಿಲ್ಲ. ಮೂರನೆಯ ತಂತಿ ಮೀಟಿದರೆ ಟಣ್ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಕುದುರೆಯ ಮೇಲೆ ಬಗ್ಗಿ ನೋಡಿದರೆ ಅಲ್ಲಿ ಜೀವಾಳದ ದಾರವೇ ಇಲ್ಲ, ಗವಸಣಿಗೆ ಎಳೆಯುವಾಗ ಉದುರಿಹೋಗಿದೆ. ಆಮೇಲಿನದು ಸಂಗೀತದ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಗಡಿಬಿಡಿ. ಒಬ್ಬರು ಜಮಖಾನೆಯ ಅಂಚಿನಿಂದ ಎಳೆ ಕೀಳುತ್ತಾರೆ, ಇನ್ನೊಬ್ಬರು ಪಂಚೆಯ ತುದಿಯಿಂದ, ಮತ್ತೊಬ್ಬರು ಸೀರೆಯ ಸೆರಗಿನ ಕುಚ್ಚಿನಿಂದ. ಒಂದು ಎಳೆ ದಪ್ಪವಾಯಿತು, ಇನ್ನೊಂದು ನುಣುಪಾಗಿ ಜಾರಿತು. ಅಷ್ಟರಲ್ಲಿ ಸಂಘಟಕರು ಮೈಕ್ ಹಿಡಿದು ಸ್ವಾಗತ ಶುರು ಮಾಡಿರುತ್ತಾರೆ.

ಐದಡಿ ಎತ್ತರದ ವಾದ್ಯಕ್ಕೆ ಎರಡಂಗುಲದ ದಾರ ಇಷ್ಟು ಮುಖ್ಯವೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಹೌದು, ಇಷ್ಟೇ ಮುಖ್ಯ. ತಂಬೂರಿಯ ಕುದುರೆಯ ಮೈ ಚಪ್ಪಟೆಯೂ ಅಲ್ಲ, ಚೂಪೂ ಅಲ್ಲ, ಸ್ವಲ್ಪವೇ ಬಾಗಿದ್ದು. ದಾರ ತಂತಿಯನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ. ಕಂಪಿಸುವ ತಂತಿ ಆ ಬಾಗಿದ ಮೈಯನ್ನು ಮತ್ತೆ ಮತ್ತೆ ಸವರಿ ಹೋಗುತ್ತದೆ. ತಂಬೂರಿಯ ಝೇಂಕಾರ ಹುಟ್ಟುವುದು ಆ ಸವರುವಿಕೆಯಿಂದ. ಸಿ. ವಿ. ರಾಮನ್ 1921ರಲ್ಲಿ ಭಾರತೀಯ ತಂತಿವಾದ್ಯಗಳ ಬಗ್ಗೆ ಪ್ರಕಟಿಸಿದ ಪುಟ್ಟ ಪ್ರಬಂಧದಲ್ಲಿ ಇದನ್ನೇ ಎತ್ತಿ ತೋರಿಸಿದರು. ಪಾಶ್ಚಾತ್ಯ ಭೌತಶಾಸ್ತ್ರದ ನಿಯಮದಂತೆ, ತಂತಿಯನ್ನು ಮೀಟಿದ ಜಾಗದಲ್ಲೇ ನಿಶ್ಚಲ ಬಿಂದು ಇರುವ ಉಪಸ್ವರಗಳು ಕೇಳಿಸಕೂಡದು. ತಂಬೂರಿಯಲ್ಲಿ ಮಾತ್ರ ಅವೂ ಸ್ಪಷ್ಟವಾಗಿ ಕೇಳಿಸುತ್ತವೆ. ಕಾರಣ ಆ ಕುದುರೆ ಮತ್ತು ಆ ದಾರ. ರಾಮನ್ ಬೆಂಗಳೂರಿಗೆ ಬಂದದ್ದು ಇದಾಗಿ ಹನ್ನೆರಡು ವರ್ಷಕ್ಕೆ, ನೊಬೆಲ್ ಬಂದ ಮೇಲೆ. ತಂಬೂರಿಯ ದಾರ ಅದಕ್ಕೂ ಮೊದಲೇ ಅವರ ಕಣ್ಣಿಗೆ ಬಿದ್ದಿತ್ತು.

ಇಂಥ ದಾರಕ್ಕೆ ಒಂದು ಮನೆ ಬೇಡವೇ? ಈ ವಾರದ ಮಾತೆಲ್ಲ ಅದರ ಬಗ್ಗೆಯೇ. ವಾದ್ಯಕ್ಕೆ ಲಕ್ಷಗಟ್ಟಲೆ ಸುರಿಯುವವರೂ ಅದರ ಚಿಲ್ಲರೆ ಸಾಮಾನನ್ನು ಮೇಜಿನ ಖಾನೆಯಲ್ಲಿ, ಕನ್ನಡಕದ ಪೆಟ್ಟಿಗೆಯಲ್ಲಿ, ಪೂಜೆಯ ತಟ್ಟೆಯಲ್ಲಿ ಚೆಲ್ಲಾಡಿರುತ್ತಾರೆ. ಮನೆಯಲ್ಲಿ ಕೂತು ಅಭ್ಯಾಸ ಮಾಡುವಷ್ಟು ದಿನ ನಡೆಯುತ್ತದೆ. ವಾದ್ಯ ಊರು ಬಿಟ್ಟ ದಿನ ಕೈಕೊಡುತ್ತದೆ.

ಹಳೆಯ ಕಾಲದವರ ಸೊಂಟದಲ್ಲಿ ಎಲೆ ಅಡಿಕೆ ಸಂಚಿ ಇರುತ್ತಿತ್ತಲ್ಲ, ಅದನ್ನು ನೆನಪಿಸಿಕೊಳ್ಳಬೇಕು. ಒಂದೇ ಚೀಲ, ಒಳಗೆ ಮೂರೋ ನಾಲ್ಕೋ ಅರೆ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ಸುಣ್ಣದ ಡಬ್ಬಿ. ಕತ್ತಲಲ್ಲೂ ಕೈ ತಪ್ಪುತ್ತಿರಲಿಲ್ಲ. ಬಾಯಿಗೆ ಎಳೆದು ಬಿಗಿಯುವ ಲಾಡಿ ಇದ್ದುದರಿಂದ ಏನೂ ಉದುರುತ್ತಿರಲಿಲ್ಲ. ತಂಬೂರಿಗೆ ಬೇಕಾದ್ದು ಇದೇ. ದಪ್ಪ ಖಾದಿಯಲ್ಲಿ ಹೊಲಿಸಿದ ನಾಲ್ಕು ಅರೆಯ ಸಂಚಿ, ಗವಸಣಿಗೆಯ ಒಳಮೈಗೆ ಗಟ್ಟಿ ಹೊಲಿಗೆಯಲ್ಲಿ ಕೂರಿಸಿದ್ದು. ಬಿಡಿಯಾಗಿಟ್ಟ ಸಂಚಿ ಇನ್ನೊಂದು ಮರೆವಿಗೆ ದಾರಿ ಅಷ್ಟೇ. ತಂಬೂರಿ ಎಲ್ಲಿಗೆ ಹೋಗುತ್ತದೋ ಸಂಚಿಯೂ ಅಲ್ಲಿಗೆ ಹೋಗಬೇಕು.

ಮೊದಲ ಅರೆ ದಾರದ್ದು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಬೆರಳುದ್ದ ಕತ್ತರಿಸಿ, ಎರಡೂ ತುದಿಯಲ್ಲಿ ಕಚ್ಚು ಮಾಡಿ, ಹತ್ತಿಯ ದಾರ ಸುತ್ತಿಡುವುದು. ಎರಡು ದಪ್ಪದ ದಾರ ಇದ್ದರೆ ಒಳ್ಳೆಯದು, ಖರಜದ, ಅಂದರೆ ಮಂದ್ರ ಷಡ್ಜದ ದಪ್ಪ ತಂತಿ ಕೇಳುವುದೇ ಬೇರೆ, ನಡುವಿನ ಜೋಡಿ ತಂತಿ ಕೇಳುವುದೇ ಬೇರೆ. ಬಣ್ಣ ಕೆಂಪೋ ನೀಲಿಯೋ ಇರಲಿ. ಬೆಳ್ಳಗಿನ ಮೂಳೆಯ ಕುದುರೆಯ ಮೇಲೆ ಬಿಳಿ ದಾರ ಎಲ್ಲಿ ನಿಂತಿದೆ ಎಂಬುದು ವೇದಿಕೆಯ ಬೆಳಕಿನಲ್ಲಿ ಕಾಣುವುದೇ ಇಲ್ಲ. ಕೆಂಪು ದಾರವಾದರೆ ಝೇಂಕಾರ ತುಂಬಿಬಂದ ಜಾಗವನ್ನು ಕಣ್ಣೂ ನೆನಪಿಟ್ಟುಕೊಳ್ಳುತ್ತದೆ. ತಂತಿಯ ಒತ್ತಡಕ್ಕೆ ದಾರ ದಿನ ಕಳೆದಂತೆ ಚಪ್ಪಟೆಯಾಗುತ್ತದೆ, ಆಗ ನಾದ ಮಂಕಾಗುತ್ತದೆ. ಕುದುರೆ ಸವೆಯಿತು, ಅದರ ಮೈ ಉಜ್ಜಿಸಿ ಜವಾರಿ ತೆಗೆಸಬೇಕು ಎಂದು ಕುಶಲಿಗರ ಬಳಿ ಓಡುವ ಮೊದಲು ದಾರ ಬದಲಿಸಿ ನೋಡುವುದು ವಿವೇಕ.

ಎರಡನೆಯ ಅರೆ ಮಣಿಗಳಿಗೆ. ಕುದುರೆಗೂ ತಂತಿ ಕಟ್ಟಿದ ತುದಿಗೂ ನಡುವೆ ಪೋಣಿಸಿದ ನಾಲ್ಕು ಮಣಿಗಳನ್ನು ಹಿಂದೆ ಮುಂದೆ ಸರಿಸಿ ಶ್ರುತಿಯ ಕೊನೆಯ ಕೂದಲೆಳೆಯನ್ನು ಸೇರಿಸುತ್ತಾರೆ. ತಂತಿ ತುಂಡಾದ ಗಳಿಗೆ ಆ ಮಣಿ ಹಾರಿ ಎಲ್ಲಿ ಬೀಳುತ್ತದೆಂದು ಹೇಳಲಾಗದು. ಮಿಕ್ಕವರೆಲ್ಲ ಮೊಬೈಲಿನ ಬೆಳಕು ಹಿಡಿದು ಜಮಖಾನೆ ಎತ್ತಿ ಹುಡುಕಬೇಕು. ಹೋಮಿಯೋಪತಿ ಗುಳಿಗೆಯ ಖಾಲಿ ಸೀಸೆ ಇದಕ್ಕೆ ಹೇಳಿಮಾಡಿಸಿದ್ದು: ಬಿರಡೆ ಬಿಗಿ, ಗಾಜು ಪಾರದರ್ಶಕ, ಎಷ್ಟು ಉಳಿದಿವೆ ಎಂಬುದು ತೆರೆಯದೆಯೇ ಕಾಣುತ್ತದೆ. ಹೆಚ್ಚುವರಿ ಎರಡು ಮಣಿ ಸದಾ ಅದರಲ್ಲಿರಲಿ. ತಂತಿ ಬದಲಿಸಲು ಕೂತಾಗ, ಹಳೆಯ ತಂತಿ ಸಡಿಲಿಸಿ ಕಳಚಿದೊಡನೆ ಮೊದಲು ಮಣಿಯನ್ನು ಸೀಸೆಗೆ ಹಾಕಿ, ಆಮೇಲೆ ಹೊಸ ತಂತಿಗೆ ಕೈ ಹಾಕುವ ರೂಢಿ ಬೆಳೆಸಿಕೊಂಡರೆ ಅರ್ಧ ಹುಡುಕಾಟ ತಪ್ಪುತ್ತದೆ.

ಮೂರನೆಯ ಅರೆ ತಂತಿಗಳದು, ಇಲ್ಲೇ ಹೆಚ್ಚಿನವರು ಎಡವುವುದು. ಹುಬ್ಬಳ್ಳಿ–ಧಾರವಾಡದ ಗಾಯಕರಿಗೆ ತಂಬೂರಿಯ ತವರು ಮೀರಜ್. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ತಂಬೂರಿಗಾಗಿ ಅಷ್ಟು ದೂರ ಹೋದವರು ಹತ್ತಾರು ಸುರುಳಿ ತಂತಿಯನ್ನೂ ಕಟ್ಟಿಸಿಕೊಂಡು ಬರುತ್ತಾರೆ. ಮನೆಗೆ ಬಂದ ಮೇಲೆ ಪೊಟ್ಟಣದ ಚೀಟಿ ಹರಿಯುತ್ತದೆ, ಸುರುಳಿಗಳು ಒಂದರಲ್ಲೊಂದು ಬೆರೆಯುತ್ತವೆ. ಹಿತ್ತಾಳೆಯದು ಹಳದಿ, ಉಕ್ಕಿನದು ಬಿಳಿ, ಅಷ್ಟನ್ನು ಕಣ್ಣು ಹೇಳುತ್ತದೆ. ಗೇಜನ್ನು, ಅಂದರೆ ತಂತಿಯ ದಪ್ಪವನ್ನು, ಮಾತ್ರ ಹೇಳಲಾರದು. ಎಸ್‌ಡಬ್ಲ್ಯೂಜಿ ಲೆಕ್ಕದಲ್ಲಿ 29ನೇ ಗೇಜಿನ ತಂತಿ 0.345 ಮಿಲಿಮೀಟರ್, 30ನೇ ಗೇಜಿನದು 0.315. ಸಂಖ್ಯೆ ಹೆಚ್ಚಿದಂತೆ ತಂತಿ ತೆಳ್ಳಗಾಗುತ್ತದೆ ಎಂಬುದೇ ಹೊಸಬರಿಗೆ ಗೊಂದಲ. 30ರ ತಂತಿ ಇದ್ದಲ್ಲಿ ತಪ್ಪಿ 28ರದನ್ನು ಹಾಕಿ ಅದೇ ಶ್ರುತಿಗೆ ಏರಿಸಿದರೆ ಬಿಗಿತ ಶೇ 40ಕ್ಕೂ ಹೆಚ್ಚಾಗುತ್ತದೆ. ಆ ಭಾರವನ್ನು ಹೊರುವುದು ತೆಳ್ಳನೆಯ ಮುಚ್ಚಳದ ಹಲಗೆ ಮತ್ತು ಸೋರೆ ಬುರುಡೆ.

ಬೆರೆತ ಸುರುಳಿಗಳನ್ನು ಬೇರ್ಪಡಿಸಲು ಸುಲಭದ ದಾರಿಯೊಂದಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರೆಲ್ಲ ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜ್ ಹಿಡಿದು ತಂತಿಯ ದಪ್ಪ ಅಳೆದವರೇ. 0.01 ಮಿಲಿಮೀಟರ್ ತೋರಿಸುವ ಆ ಉಪಕರಣ ಸಂಗೀತದ ಮನೆಯಲ್ಲಿ ಒಂದಿದ್ದರೆ ವರ್ಷಗಳ ಅನುಮಾನ ಒಂದೇ ಮಧ್ಯಾಹ್ನ ಮುಗಿಯುತ್ತದೆ. ಅಳೆದ ಕೂಡಲೇ ನೋಟ್‌ಬುಕ್ಕಿಗೆ ಅಂಟಿಸುವ ಲೇಬಲ್ ತೆಗೆದುಕೊಂಡು ಲೋಹ, ಗೇಜ್, ಕೊಂಡ ತಿಂಗಳು ಬರೆದು ಸುರುಳಿಗೆ ಅಂಟಿಸಬೇಕು. ಸುರುಳಿ ಅಂಗೈ ಅಗಲಕ್ಕಿಂತ ಕಿರಿದಾಗಬಾರದು. ಒಮ್ಮೆ ಮುರುಟಿದ ತಂತಿ ಮುರುಟಿದಲ್ಲೇ ತುಂಡಾಗುತ್ತದೆ. ಉಕ್ಕಿಗೆ ಬೆವರೂ ತೇವವೂ ಶತ್ರು. ಮಂಗಳೂರು, ಉಡುಪಿ ಕಡೆಯವರು ಸುರುಳಿಯನ್ನು ಕಾಗದದಲ್ಲಿ ಸುತ್ತಿ, ಜಿಪ್ ಇರುವ ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣವನ್ನು ಜೊತೆಗಿಟ್ಟರೆ ಮಳೆಗಾಲ ದಾಟುತ್ತದೆ.

ನಾಲ್ಕನೆಯದರಲ್ಲಿ ಸೀಮೆಸುಣ್ಣದ ತುಂಡು, ಪುಟ್ಟ ಇಕ್ಕಳ, ಒಂದು ಹತ್ತಿ ಬಟ್ಟೆ. ಧಾರವಾಡದ ಬೇಸಿಗೆಯಲ್ಲಿ ಮರ ಒಣಗಿ ಬಿರಡೆ ಜಾರತೊಡಗಿದಾಗ ಸೀಮೆಸುಣ್ಣ ಉಜ್ಜಿದರೆ ಹಿಡಿತ ಬರುತ್ತದೆ. ವಿಮಾನ ಹತ್ತುವ ದಿನ ಇಕ್ಕಳವನ್ನು ಸಂಚಿಯಿಂದ ತೆಗೆದು ಲಗೇಜಿಗೆ ಹಾಕಬೇಕು, ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆದಿಟ್ಟುಬಿಡುತ್ತಾರೆ.

ಬೇರೆ ವಾದ್ಯಗಳ ಸಂಚಿಗೆ ಬೇರೆ ಬೇರೆ ನೇಮ. ವೀಣೆಯವರು ಎಡಗೈ ಬೆರಳು ತಂತಿಯ ಮೇಲೆ ಸಲೀಸಾಗಿ ಓಡಲೆಂದು ಎಣ್ಣೆಯಲ್ಲಿ ನೆನೆದ ಹತ್ತಿಯ ಪುಟ್ಟ ಬಟ್ಟಲು ಇಟ್ಟುಕೊಳ್ಳುತ್ತಾರೆ. ಪಿಟೀಲಿನವರ ಜೀವ ಇರುವುದು ರೋಸಿನ್‌ನಲ್ಲಿ, ಪೈನ್ ಮರದ ರಾಳದಿಂದ ಮಾಡಿದ ಆ ಗಟ್ಟಿಯಲ್ಲಿ. ಕಮಾನಿನ ಕೂದಲು ತಂತಿಯನ್ನು ಹಿಡಿದೆಳೆಯುವುದು ಆ ಪುಡಿಯಿಂದಲೇ. ಕೂದಲಿಗೆ ಎಣ್ಣೆಯ ಕೈ ಸೋಕಿತೋ, ಹಿಡಿತ ಹೋಯಿತು. ಒಂದೇ ಮನೆಯಲ್ಲಿ ಅಕ್ಕ ವೀಣೆ, ತಮ್ಮ ಪಿಟೀಲು ಕಲಿಯುತ್ತಿದ್ದರೆ ಎರಡರ ಸಾಮಾನು ಒಂದೇ ಡಬ್ಬಿಯಲ್ಲಿ ಇರಲೇಬಾರದು. ಬಿಸಿಲಲ್ಲಿ ನಿಂತ ಕಾರಿನೊಳಗೆ ರೋಸಿನ್ ಮೆತ್ತಗಾಗುತ್ತದೆ, ಕೈತಪ್ಪಿ ಬಿದ್ದರೆ ಗಾಜಿನಂತೆ ಚೂರಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಅದರದೇ ಗೂಡಿನಲ್ಲಿಡಬೇಕು. ಪಿಟೀಲಿನ ಅತಿ ತೆಳ್ಳನೆಯ ತಂತಿ ಕೊಳ್ಳುವಾಗ ತುದಿಯಲ್ಲಿ ಗುಂಡು ಇದೆಯೋ ಕುಣಿಕೆ ಇದೆಯೋ ನೋಡಿಕೊಳ್ಳಲೇಬೇಕು. ಫೈನ್ ಟ್ಯೂನರ್ ಒಂದಕ್ಕೆ ಒಪ್ಪಿದರೆ ಇನ್ನೊಂದಕ್ಕೆ ಒಪ್ಪುವುದಿಲ್ಲ. ನಾಲ್ಕು ತಂತಿಗೇ ಈ ಪಾಡು. ಮೈಸೂರು ಟಿ. ಚೌಡಯ್ಯನವರು ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡು ಜೀವನವಿಡೀ ಊರೂರು ತಿರುಗಿದವರು. ಅವರ ಪೆಟ್ಟಿಗೆಯಲ್ಲಿ ಏಳರ ಲೆಕ್ಕ ಪ್ರತಿದಿನ ಸರಿಯಾಗಬೇಕಿತ್ತು.

ಮೃದಂಗದವರ ಚೀಲದಲ್ಲಿ ಗುಂಡುಕಲ್ಲು, ಮರದ ತುಂಡು, ಎಡಮುಖಕ್ಕೆ ನೀರಲ್ಲಿ ಕಲಸಿ ಹಚ್ಚುವ ರವೆ. ರವೆಯ ಡಬ್ಬಿಗೆ ಹುಳು ಬೀಳುತ್ತದೆ, ತಿಂಗಳಿಗೊಮ್ಮೆ ಹೊಸದು ತುಂಬಬೇಕು. ಸರೋದ್ ನುಡಿಸುವವರಿಗೆ ತೆಂಗಿನ ಚಿಪ್ಪನ್ನು ಉಜ್ಜಿ ನಯಗೊಳಿಸಿದ ಜವಾ. ರಾಜೀವ ತಾರಾನಾಥರ ಸರೋದ್ ಕೇಳಿದವರು ಆ ಮೀಟಿನ ತೂಕವನ್ನು ಬಲ್ಲರು. ಕೈಗೆ ಒಗ್ಗಿದ ಅಂಥ ಒಂದು ತುಂಡು ಕಳೆದುಹೋದರೆ ಅಂಗಡಿಯಿಂದ ತಂದದ್ದು ಮತ್ತೆ ಒಗ್ಗಲು ವಾರಗಳು ಹಿಡಿಯುತ್ತವೆ. ಈಗ ಎಲ್ಲರ ಬಳಿ ಎಲೆಕ್ಟ್ರಾನಿಕ್ ತಂಬೂರಿಯೂ ಇದೆ, ಅದರ ಅಡಾಪ್ಟರ್‌ಗೂ ಹೆಸರಿನ ಚೀಟಿ ಬೇಕು. ಮನೆಯ ಹತ್ತು ಅಡಾಪ್ಟರ್‌ಗಳು ನೋಡಲು ಒಂದೇ ಥರ, ವೋಲ್ಟೇಜ್ ಬೇರೆ ಬೇರೆ.

ಮತ್ತೆ ತಂಬೂರಿಗೆ ಬಂದರೆ, ಸಂಚಿ ಹೊಲಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಲೆಕ್ಕ ಬೇಕು. ಉಳಿದ ಲಗ್ನಪತ್ರಿಕೆಯ ಕಾಗದದಲ್ಲೇ ಒಂದು ಚೀಟಿ ಮಾಡಿ ನಾಲ್ಕು ಸಾಲು ಬರೆಯಬಹುದು: ಪಂಚಮ, ಜೋಡಿ ಎರಡು, ಖರಜ. ಪ್ರತಿಯೊಂದರ ಎದುರು ಗೇಜ್, ತಂತಿ ಹಾಕಿದ ದಿನಾಂಕ, ಸಂಚಿಯಲ್ಲಿ ಉಳಿದ ಸುರುಳಿ. ಪೆನ್ಸಿಲಿನಲ್ಲಿ ಬರೆದರೆ ಅಳಿಸಿ ತಿದ್ದಲು ಸುಲಭ. ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುವವರೂ ಇದ್ದಾರೆ. ಆದರೆ ತಂಬೂರಿ ಹಿಡಿದು ಹಿಂದೆ ಕೂರುವ ಶಿಷ್ಯೆಗೆ ಗುರುವಿನ ಮೊಬೈಲ್ ತೆರೆಯಲಾಗದು, ಸಂಚಿಯ ಚೀಟಿ ಓದಬಹುದು. ವೇದಿಕೆಯ ಮೇಲೆ ತಂತಿ ತುಂಡಾದಾಗ ಎದ್ದು ಓಡುವವರು ಅವರೇ ತಾನೆ.

ಮನೆಯಲ್ಲಿ ತಂಬೂರಿ ಇರುವವರು ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಗವಸಣಿಗೆಯ ಕಿಸೆಯಲ್ಲಿದ್ದುದನ್ನೆಲ್ಲ ಬಿಳಿ ಪಂಚೆಯ ಮೇಲೆ ಸುರುವಿ, ತುಕ್ಕು ಹಿಡಿದ ತಂತಿ ಎಸೆದು, ಮಣಿ ಎಣಿಸಿ, ಎರಡು ಬಣ್ಣದ ದಾರ ಸುತ್ತಿಡಿ. ಮಳೆ ಶುರುವಾಗುವ ಮೊದಲೇ ಆಗಬೇಕಾದ ಕೆಲಸ ಇದು.